ಹೊಳೆಯಾಚೆಯ ಹಳೇ ಊರು

"ಹೋಗೋಕೆ ಯಾರೂ ಬೇಡ ಅನ್ನಲ್ವಂತೆ. ವಾಪಸ್ ಬರೋದೇ ಕಷ್ಟವಂತೆ," ಎಂದು ಅಪ್ಪ ಗಡಿ ಕಚೇರಿಯ ಕೌಂಟರಿನಿಂದ ಬಂದು ಹೇಳಿದರು.

ಅಮ್ಮ ರೇಷ್ಮೆ ಸೀರೆಯ ಸೆರಗು ಹಿಡಿದುಕೊಂಡು ಸೇತುವೆಯನ್ನೇ ನೋಡುತ್ತ ನಿಂತಳು. ಸೇತುವೆಯ ಕೆಳಗೆ ರಿಯೋ ಗ್ರಾಂಡೆ ಹೊಳೆ. ಈಚೆ ಟೆಕ್ಸಾಸ್, ಆಚೆ ಮೆಕ್ಸಿಕೊ. ಹೂಸ್ಟನ್ನಿನಿಂದ ನಸುಕಿನಲ್ಲೇ ಹೊರಟು ಇಷ್ಟು ದೂರ ಬಂದಿದ್ದು ಆಚೆಯ ಹಳೇ ಊರನ್ನು ನೋಡುವುದಕ್ಕೆ.

"ಬಟ್ ವೈ, ಅಪ್ಪಾ?" ಎಂದಳು ತ್ರಿವೇಣಿ. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಬಾಯಿ ತೆರೆದರೆ ಬರುತ್ತಿದ್ದುದು ಇಂಗ್ಲಿಷ್.

"ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲವಲ್ಲ ಪುಟ್ಟಿ. ಅದಕ್ಕೆ ಮುಂಚೆ ದೇಶ ಬಿಟ್ರೆ ಅರ್ಜಿ ಕ್ಯಾನ್ಸಲ್ ಆಗತ್ತಂತೆ. ಸೇತುವೆ ದಾಟಿದ್ರೂ ದೇಶ ಬಿಟ್ಟ ಹಾಗೇನೇ. ಮೊದಲೇ ವಿಚಾರಿಸಬೇಕಿತ್ತು, ನನ್ನ ಬುದ್ಧಿಗಿಷ್ಟು."

ಈ ಪ್ರಯಾಣ ತ್ರಿವೇಣಿಯ ಹಟದಿಂದ ಶುರುವಾಗಿತ್ತು. ಸ್ಕೂಲಿನಲ್ಲಿ ಮಧ್ಯಯುಗದ ಊರುಗಳ ಪಾಠ ಆಗಿತ್ತು. ಕಲ್ಲಿನ ಬೀದಿ, ನಡುವೆ ಚೌಕ, ಚೌಕದಲ್ಲಿ ಬಾವಿ. ಅಂಥದ್ದೊಂದನ್ನು ನೋಡಲೇಬೇಕು ಎಂದು ಅವಳು ಅಪ್ಪನ ತಲೆ ತಿಂದಳು. ಅವರ ಬಡಾವಣೆಯಲ್ಲಿ ತೀರಾ ಹಳೆಯದು ಎಂದರೆ ಅಪ್ಪನ ಕಾರು. ಕೊನೆಗೆ ಟೀಚರೇ ದಾರಿ ತೋರಿಸಿದರು. ಗಡಿಯಾಚೆ ಸ್ಪೇನಿನವರು ಕಟ್ಟಿದ ಊರಿದೆ, ಮಧ್ಯಯುಗದ್ದಲ್ಲ, ಆದರೆ ಹೆಚ್ಚುಕಡಿಮೆ ಹಾಗೇ ಇದೆ ಎಂದರು.

ಅದನ್ನು ಕೇಳಿದ ದಿನದಿಂದ ಮಗಳಿಗಿಂತ ಅಮ್ಮನಿಗೇ ಆಸೆ ಹೆಚ್ಚಾಯಿತು. ಅವಳು ಹುಟ್ಟಿದ್ದು ಹೊಯ್ಸಳರ ಕಾಲದ ಊರಿನಲ್ಲಿ. ತ್ರಿವೇಣಿ ಹುಟ್ಟುವುದಕ್ಕೂ ಮೊದಲು ಅಮೆರಿಕಕ್ಕೆ ಬಂದವಳು ಒಮ್ಮೆಯೂ ವಾಪಸ್ ಹೋಗಿರಲಿಲ್ಲ. ವಿಮಾನದ ಟಿಕೆಟ್ಟಿಗೆ ಎಂದೂ ದುಡ್ಡು ಸಾಲುತ್ತಿರಲಿಲ್ಲ. "ಕಲ್ಲು ಹಾಸಿದ ಬೀದೀಲಿ ಒಂದು ಸಲ ನಡೆದರೆ ಸಾಕು," ಎಂದು ಪುಳಿಯೋಗರೆ ಕಲಸುತ್ತ ಹೇಳಿದ್ದಳು.

ಜೊತೆಗೆ ಬಂದಿದ್ದ ಡಾಕ್ಟರ್ ಚನ್ನಬಸಪ್ಪ ಅಂಕಲ್ ಬಳಿ ಗ್ರೀನ್ ಕಾರ್ಡ್ ಇತ್ತು. "ಹುಡುಗಿ ಹುಟ್ಟಿದ್ದು ಇಲ್ಲೇ ಆಸ್ಟಿನ್‌ದಾಗ, ಈ ದೇಶದ ಪ್ರಜಾ. ಆಕೀನ ಯಾರೂ ತಡಿಯೂದಿಲ್ರಿ ವೈನಿ. ನಾ ಕರ್ಕೊಂಡು ಹೋಗಿ ತಾಸಿನ್ಯಾಗ ಬರ್ತೀನಿ," ಎಂದರು.

"ಅಮ್ಮ ಬರದಿದ್ರೆ ಐ ಡೋಂಟ್ ವಾಂಟ್ ಟು ಗೋ," ಎಂದಳು ತ್ರಿವೇಣಿ.

"ಹೋಗ್ ಬಾರೇ. ಇಬ್ಬರೂ ಇಲ್ಲೇ ಕೂತು ಏನು ಮಾಡೋಣ?" ಅಮ್ಮ ಅವಳ ಜಡೆಯ ರಿಬ್ಬನ್ ಬಿಗಿಮಾಡಿ ಕಳಿಸಿದಳು.

ಊರು ತ್ರಿವೇಣಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ನಡೆದು ನಡೆದು ಸವೆದ ಕಲ್ಲುಗಳು. ನೀಲಿ ಬಣ್ಣದ ಬಾಗಿಲುಗಳು. ಒಂದು ಬಾಗಿಲ ಮುಂದೆ ಇಬ್ಬರು ಅಜ್ಜಿಯರು ಅವರೆಯಂಥ ಕಾಯಿ ಸುಲಿಯುತ್ತ ಹರಟುತ್ತಿದ್ದರು. ಅವಳ ಹಣೆಯ ಕುಂಕುಮ ನೋಡಿ ಒಬ್ಬರು ಕರೆದು ಕೂರಿಸಿಕೊಂಡರು, ಕೆನ್ನೆ ಸವರಿದರು. ತ್ರಿವೇಣಿ ಪಕ್ಕಕ್ಕೆ ತಿರುಗಿ "ಅಮ್ಮಾ" ಎಂದಳು. ಅಲ್ಲಿ ನಿಂತಿದ್ದವರು ಅಂಕಲ್. ಅವಳಿಗೆ ತಟ್ಟನೆ ಅಳು ಬಂತು.

"ಯಾಕವ್ವ, ಕಾಲು ನೋಯ್ತಾವೇನು?" ಎಂದರು ಅಂಕಲ್. ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಎಲ್ಲವನ್ನೂ ಎರಡೆರಡು ಸಲ ನೋಡಿದಳು, ಒಂದು ಸಲ ತನಗೆ, ಒಂದು ಸಲ ಅಮ್ಮನಿಗೆ.

ಅವರು ಹಿಂದಿರುಗಿದಾಗ ಅಮ್ಮ ಹೊಳೆಯ ದಡದಲ್ಲಿ ಜಮಖಾನ ಹಾಸಿಕೊಂಡು ಕೂತಿದ್ದಳು. ಪುಳಿಯೋಗರೆಯ ಡಬ್ಬಿ ತೆರೆದಿರಲೇ ಇಲ್ಲ.

"ಬಾ, ಹೇಳು. ಒಂದೂ ಬಿಡಬೇಡ," ಎಂದಳು.

ಇಂಗ್ಲಿಷಿನಲ್ಲಿ ಹೇಳಿದರೆ ಅಮ್ಮನಿಗೆ ಅರ್ಧಂಬರ್ಧ ತಲುಪುತ್ತದೆ ಎಂದು ತ್ರಿವೇಣಿಗೆ ಗೊತ್ತಿತ್ತು. ತಡವರಿಸುತ್ತ ಕನ್ನಡದಲ್ಲೇ ಶುರುಮಾಡಿದಳು. "ರೋಡ್ ಎಲ್ಲ ಕಲ್ಲು. ನಡುವೆ ಚರ್ಚ್. ಅದರ ಮುಂದೆ ಬಾವಿ ಇತ್ತು ಅಮ್ಮ, ದೊಡ್ಡದು."

"ಬಾವಿ ಹಿಂದೆ ಸಂಪಿಗೆ ಮರ," ಎಂದಳು ಅಮ್ಮ, ಹೊಳೆಯನ್ನು ನೋಡುತ್ತ. "ಮಧ್ಯಾಹ್ನ ಆದ್ರೆ ಪಕ್ಕದ್ಮನೆ ಶಾರದಮ್ಮ ಅದರ ಕಟ್ಟೆ ಮೇಲೆ ಹೂ ಕಟ್ಟುತ್ತಾ ಕೂತಿರ್ತಾರೆ."

ಬಾವಿಯ ಹಿಂದೆ ಯಾವ ಮರವೂ ಇರಲಿಲ್ಲ. ಹಾಗೆಂದು ಹೇಳಲು ತ್ರಿವೇಣಿ ಬಾಯಿ ತೆರೆದಳು. ಅಮ್ಮನ ಮುಖ ನೋಡಿದರೆ ಅವಳು ಆಗಲೇ ತನ್ನೂರಿನ ಬೀದಿಯಲ್ಲಿದ್ದಳು. ನೀಲಿ ಬಾಗಿಲು, ಕೆನ್ನೆ ಸವರಿದ ಅಜ್ಜಿ, ಇನ್ನೂ ಎಷ್ಟೋ ಹೇಳುವುದಿತ್ತು. ಅದೆಲ್ಲ ಆಮೇಲಾಗಲಿ ಅನ್ನಿಸಿತು.

"ಅಲ್ಲಿಂದ ಎಲ್ಲಿಗೆ ಹೋಗಬೇಕು, ಅಮ್ಮ?" ಎಂದಳು.

"ಬಲಗಡೆಗೆ ತಿರುಗಿದ್ರೆ ನಮ್ಮನೆ."

ತ್ರಿವೇಣಿ ಅಮ್ಮನ ಕೈ ಹಿಡಿದುಕೊಂಡಳು.

"ಸರಿ, ತಿರುಗಿದ್ವಿ. ಬಾಗಿಲು ತೆಗೆದಿದೆಯಾ?"