ಈರಮ್ಮನ ಹೆಬ್ಬೆಟ್ಟು

1985ನೇ ಇಸವಿ ಡಿಸೆಂಬರ್ 9, ಕಾರ್ತಿಕದ ಕೊನೆಯ ಸೋಮವಾರ. ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಒಕ್ಕಣೆ ನಡೆದಿತ್ತು. ಬೆಳಿಗ್ಗೆ ಏಳೂವರೆಗೆ, ಸಿರುಗುಪ್ಪ ಠಾಣೆಯ ಕಸ ಇನ್ನೂ ಗುಡಿಸಿರಲಿಲ್ಲ, ದೇಶನೂರಿನ ಈರಮ್ಮ ಬಂದು ಮೆಟ್ಟಿಲ ಮೇಲೆ ಕೂತಳು. ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಏಳು ಹೆಂಗಸರ ಗುಂಪಿಗೆ ಅವಳು ಮುಂದಾಳು. ಮುಂದಾಳಾಗಿದ್ದಳು ಎನ್ನಬೇಕು.

ಸಬ್ ಇನ್ಸ್‌ಪೆಕ್ಟರ್ ಮರಿಬಸಪ್ಪ ಬಂದದ್ದು ಹತ್ತಕ್ಕೆ. ಬಳ್ಳಾರಿ ಪೇಟೆಯಲ್ಲಿ ಹುಟ್ಟಿ ಬೆಳೆದವರು, ಸಿರುಗುಪ್ಪಕ್ಕೆ ಬಂದು ಎರಡು ತಿಂಗಳಾಗಿತ್ತು.

"ಏನು ಕಳುವಾಗೇತಿ?"

"ಕಳುವಾಗಿಲ್ರಿ ಸಾಹೇಬ್ರ. ನಾನೇ ಕಳ್ಳಿ ಅಂತ ಆಗೇತ್ರಿ."

ಮೇ ತಿಂಗಳಲ್ಲಿ ಏಳೂ ಮಂದಿ ಬಳ್ಳಾರಿ ಗಾಂಧಿನಗರದ ಒಂದು ಫೈನಾನ್ಸ್ ಕಂಪನಿಯಿಂದ ತಲಾ ಸಾವಿರದ ಇನ್ನೂರು ರೂಪಾಯಿ ಸಾಲ ತೆಗೆದುಕೊಂಡಿದ್ದರು. ಕೈಗೆ ಬಂದದ್ದು ಸಾವಿರದ ನೂರಾನಾಲ್ಕು. ಉಳಿದ ತೊಂಬತ್ತಾರನ್ನು ಸಾಲದ ವಿಮೆಗೆಂದು ಹಿಡಿದಿದ್ದರು. ಸಾಲಗಾರರು ಸತ್ತರೆ, ಕೈಕಾಲು ಮುರಿದು ದುಡಿಯಲಾರದೆ ಹೋದರೆ ಉಳಿದ ಕಂತನ್ನು ವಿಮೆಯವರು ಕಟ್ಟುತ್ತಾರೆ, ಇದು ಕಡ್ಡಾಯ ಎಂದು ಏಜೆಂಟ್ ವಿರೂಪಾಕ್ಷಪ್ಪ ಹೇಳಿದ್ದ. ಕಡ್ಡಾಯವೇನಲ್ಲ, ಬೇಡವಾದರೆ ತಿಂಗಳೊಳಗೆ ಬರೆದುಕೊಟ್ಟು ರೊಕ್ಕ ವಾಪಸು ಪಡೆಯಬಹುದು ಎಂದು ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿತ್ತು. ಊರ ಸಾಲಿ ಮಾಸ್ತರು ಅದನ್ನು ಓದಿ ಹೇಳಿದರು. ಈರಮ್ಮನೇ ಎಲ್ಲರನ್ನೂ ಒಪ್ಪಿಸಿ ಅರ್ಜಿ ಕೊಡಿಸಿದಳು.

ಆಮೇಲೆ ಆರು ಸಲ ಬಳ್ಳಾರಿಗೆ ಅಲೆದಳು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಏಳನೆಯ ಸಲ ಗುಂಪಿನ ಜಂಬಮ್ಮನೂ ಜೊತೆಗಿದ್ದಳು. ಗುಮಾಸ್ತ ಕಿಟಕಿಯೊಳಗಿಂದಲೇ ಕಾಗದದ ಕಟ್ಟು ಆಡಿಸಿದ.

"ಏಳೂ ಮಂದಿಗೆ ಕೊಟ್ಟಾಗೈತಿ. ಸಾಕ್ಷಿಗೆ ನಿಂದೇ ಹೆಬ್ಬೆಟ್ಟು ಐತಲ್ಲ! ಎಷ್ಟು ಸಲ ತಗೋತಿ?"

ಹೊತ್ತು ಮುಳುಗುವುದರೊಳಗೆ ಜಂಬಮ್ಮ ಆ ಮಾತನ್ನು ಊರಿಗೆ ಮುಟ್ಟಿಸಿದಳು. ಮರುದಿನ ಗಿರಣಿಯಲ್ಲಿ ಈರಮ್ಮನ ಜಾಗಕ್ಕೆ ಬೇರೆಯವಳು ನಿಂತಿದ್ದಳು. ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು.

ಮರಿಬಸಪ್ಪ ಪೆನ್ನು ಕೆಳಗಿಟ್ಟರು. "ಒಟ್ಟು ಆರುನೂರಾ ಎಪ್ಪತ್ತೆರಡು ರೂಪಾಯಿ. ಇದು ಸಿವಿಲ್ ವ್ಯವಹಾರ ಅಲ್ಲೇನವ್ವ?"

"ರೊಕ್ಕ ಹಾಳಾಗ್ಲಿರಿ. ಆ ಹೆಬ್ಬೆಟ್ಟು ನಂದಲ್ಲ ಅಂತ ಯಾರಾರ ಹೇಳ್ರಿ."

ಹೆಡ್ ಕಾನ್ಸ್‌ಟೇಬಲ್ ಉಚ್ಚೆಂಗೆಪ್ಪ ಬಾಗಿಲಲ್ಲೇ ನಿಂತಿದ್ದ. "ಹೆಬ್ಬೆಟ್ಟು ಖೋಟಾ ಅಂದ್ರ ಸಿವಿಲ್ ಆಗಂಗಿಲ್ರಿ ಸರ್" ಎಂದ. ಅವನ ಸರ್ವಿಸು ಇಪ್ಪತ್ತಾರು ವರ್ಷ, ಓದು ನಾಲ್ಕನೇ ಇಯತ್ತೆ. 11.40ಕ್ಕೆ ಎಫ್‌ಐಆರ್ ಆಯಿತು. ಮೋಸ, ಖೋಟಾ ದಾಖಲೆ.

ಡಿಸೆಂಬರ್ 12ಕ್ಕೆ ಮರಿಬಸಪ್ಪ, ಉಚ್ಚೆಂಗೆಪ್ಪ ಇಬ್ಬರೂ ಗಾಂಧಿನಗರದ ಕಂಪನಿಗೆ ಹೋದರು. ಮೂಲ ರಸೀದಿ ಬೆಂಗಳೂರಲ್ಲಿವೆ ಎಂದ ಮ್ಯಾನೇಜರ್. 19ಕ್ಕೆ ಹೋದರೆ ರಸೀದಿ ಬಂದಿದ್ದವು, ಕಪಾಟಿನ ಕೀಲಿಕೈ ಇಟ್ಟುಕೊಂಡವನು ಮದುವೆಗೆ ಹೋಗಿದ್ದ. 30ಕ್ಕೆ ಕೊನೆಗೂ ಪಂಚರ ಮುಂದೆ ಏಳು ರಸೀದಿ, ಏಜೆಂಟನ ಟೂರ್ ಡೈರಿ ಜಪ್ತಿ ಮಾಡಿ ಪಂಚನಾಮೆ ಬರೆದರು. ರಸೀದಿಗಳೆಲ್ಲ ಒಂದೇ ದಿನದವು, 2-7-1985. ಒಂದೊಂದರಲ್ಲೂ ರೊಕ್ಕ ಪಡೆದವಳ ಹೆಬ್ಬೆಟ್ಟು, ಸಾಕ್ಷಿಗೆ ಈರಮ್ಮನದು; ಅವಳ ಸ್ವಂತ ರಸೀದಿಯಲ್ಲಿ ಮಾತ್ರ ಒಂದೇ. ಡೈರಿಯಲ್ಲಿ ಅದೇ ತಾರೀಖಿಗೆ ಬರೆದಿತ್ತು, 'ದೇಶನೂರಿನಲ್ಲಿ ಅವರವರ ಮನೆಗೆ ಹೋಗಿ ಬೆಳಿಗ್ಗೆ 11ರಿಂದ 1ರವರೆಗೆ ಕೊಡಲಾಯಿತು.'

ವಿರೂಪಾಕ್ಷಪ್ಪ ಪಾರ್ವತಿನಗರದಲ್ಲಿ ಬಾಡಿಗೆಗಿದ್ದ. ಮೂವತ್ತರ ಆಸುಪಾಸು, ಇಸ್ತ್ರಿ ಅಂಗಿ.

"ರೊಕ್ಕ ನೀನೇ ಕೊಟ್ಟಿ?" ಎಂದರು ಮರಿಬಸಪ್ಪ.

"ನಾನೇ ಕೊಟ್ಟೀನ್ರಿ. ಮನಿಮನಿಗೆ ಹೋಗಿ."

"ಅವರು ಇಲ್ಲ ಅಂತಾರ."

"ಸಾಲ ತಗೊಂಡೋರು ಹೌದು ಅಂದದ್ದು ಎಲ್ಲೈತ್ರಿ ಸರ್?"

ರಸೀದಿಗಳೂ ಏಳು ಹೆಂಗಸರ ಬೆರಳಚ್ಚೂ ಬೆಂಗಳೂರಿನ ತಜ್ಞರಿಗೆ ಹೋದವು. ಉತ್ತರವಿಲ್ಲ. ಈರಮ್ಮ ಸೋಮವಾರಕ್ಕೊಮ್ಮೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು.

"ಬಂತೇನ್ರಿ ಕಾಗದ?"

"ಮುಂದಿನ ವಾರ ಬರತೈತವ್ವ."

"ಕಂಪನಿಯವರೂ ಹಿಂಗ ಅಂತಿದ್ರು ಬಿಡ್ರಿ."

ಉಚ್ಚೆಂಗೆಪ್ಪನಿಗೆ ಆ ಮಾತು ಚುಚ್ಚಿತು. ಜನವರಿ 20ರಂದು ಅವಳನ್ನು ಒಳಗೆ ಕರೆದು ಕೂರಿಸಿ, ರಸೀದಿಯ ನಕಲನ್ನು ಒಂದೊಂದೇ ಸಾಲು ಓದಿದ.

"ಜುಲೈ ಎರಡಕ್ಕ ನೀ ಎಲ್ಲಿದ್ದಿ?"

"ತಾರೀಖು ನನಗೇನು ಗೊತ್ತಾಗತೈತ್ರಿ ಯಪ್ಪಾ?"

ಅವನು ಗೋಡೆಯ ಹಳೆಯ ಕ್ಯಾಲೆಂಡರ್ ತಿರುವಿದ. "ಮಂಗಳವಾರ. ಆಷಾಢದ ಎರಡನೇ ಮಂಗಳವಾರ."

ಈರಮ್ಮ ಕೂತಲ್ಲಿಂದ ಎದ್ದಳು. "ಅವತ್ತು ಹೊರಬೀಡಲ್ಲೇನ್ರಿ! ಊರಾಗ ನಾಯಿ ಸೈತ ಇರಲಿಲ್ಲ!"

ಹೊರಬೀಡೆಂದರೆ ಏನೆಂದು ಮರಿಬಸಪ್ಪನವರಿಗೆ ಉಚ್ಚೆಂಗೆಪ್ಪ ಬಿಡಿಸಿ ಹೇಳಬೇಕಾಯಿತು. ಊರಿಗೆ ಬೇನೆ ಬಾರದಿರಲೆಂದು ವರ್ಷಕ್ಕೊಂದು ದಿನ ಜನ, ದನ, ಕೋಳಿ ಸಮೇತ ಎಲ್ಲರೂ ಹೊತ್ತು ಹುಟ್ಟುವ ಮೊದಲೇ ಊರು ಬಿಟ್ಟು ಹೊಲಗಳಲ್ಲಿ ಅಡಿಗೆ ಮಾಡಿ ಉಣ್ಣುತ್ತಾರೆ. ಊರಬಾಗಿಲಾದ ಅಗಸಿಗೆ ಮುಳ್ಳು ಬಡಿಯುತ್ತಾರೆ. ಸಂಜೆ ಅದನ್ನು ತೆಗೆಯುವ ತನಕ ಊರಿನವರಿಗೂ ಒಳಗೆ ಕಾಲಿಡುವ ಹಾಗಿಲ್ಲ.

"ಇದಕ್ಕ ಸಾಕ್ಷಿ?"

"ನಾವೇ ಅದೀವ್ರಿ ಸರ್. ಖಾಲಿ ಊರಿಗೆ ಬಂದೋಬಸ್ತಿಗಂತ ಇಬ್ಬರನ್ನ ಹಾಕಿದ್ವಿ."

ಠಾಣಾ ದಿನಚರಿ ತೆಗೆದರು. 2-7-1985, ದೇಶನೂರು, ಹೊರಬೀಡು. ಬೆಳಿಗ್ಗೆ ಆರರಿಂದ ಸಂಜೆ ಆರೂವರೆಯವರೆಗೆ ಯಾರೂ ಊರೊಳಗೆ ಹೋಗಿಲ್ಲ, ಇಬ್ಬರು ಕಾನ್ಸ್‌ಟೇಬಲ್‌ಗಳ ರುಜು. ರಸೀದಿಯ ನಕಲುಗಳು ಮೂರು ವಾರದಿಂದ ಅದೇ ಕಪಾಟಿನಲ್ಲಿ, ಅದೇ ದಿನಚರಿಯ ಮಗ್ಗುಲಲ್ಲಿದ್ದವು.

ಫೆಬ್ರುವರಿ 1ಕ್ಕೆ ಬೆಂಗಳೂರಿನ ವರದಿ ಬಂತು. ಏಳು ರಸೀದಿಯ ಹದಿಮೂರು ಹೆಬ್ಬೆಟ್ಟೂ ಒಬ್ಬರದೇ, ಏಳು ಹೆಂಗಸರಲ್ಲಿ ಯಾರದೂ ಅಲ್ಲ. ಅಷ್ಟರಲ್ಲಿ ವಿರೂಪಾಕ್ಷಪ್ಪ ಮನೆಗೆ ಬೀಗ ಹಾಕಿದ್ದ. 4ನೇ ತಾರೀಖು ಮಂಗಳವಾರ ಬೆಳಿಗ್ಗೆ ಆರಕ್ಕೆ ಕುರುಗೋಡಿನಲ್ಲಿ, ಹೆಂಡತಿಯ ತವರುಮನೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಸಿಕ್ಕ.

"ಜುಲೈ ಎರಡಕ್ಕ ದೇಶನೂರಿನ ಒಳಗ ಹೋಗಿದ್ದಿ?"

"ಹೋಗಿದ್ನಿರಿ."

"ಅಗಸ್ಯಾಗ ಏನಿತ್ತು?"

"ಏನಿತ್ರಿ... ಮಂದಿ ಕುಂತಿದ್ರು."

"ಮುಳ್ಳಿತ್ತಲೇ" ಎಂದ ಉಚ್ಚೆಂಗೆಪ್ಪ.

ಬಾಯಿ ಮುಕ್ಕಳಿಸಿ ಬರುತ್ತೇನೆಂದ ವಿರೂಪಾಕ್ಷಪ್ಪ. ಬಂದು ಬೇಡಿಗೆ ಕೈ ಚಾಚಿದ. ಆ ಹದಿಮೂರೂ ಅವನ ಎಡಗೈ ಹೆಬ್ಬೆಟ್ಟೇ ಎಂದು ಆಮೇಲೆ ತಜ್ಞರು ಬರೆದರು.

ಹೇಳಿಕೆಯಲ್ಲಿ ಅವನು ಏನನ್ನೂ ಬಚ್ಚಿಡಲಿಲ್ಲ. ತಿಂಗಳಿಗೆ ಮೂವತ್ತು ವಿಮೆ ಮಾಡಿಸದಿದ್ದರೆ ಕೆಲಸವಿಲ್ಲ. ಯಾರಾದರೂ ರದ್ದು ಮಾಡಿಸಿದರೆ ಆ ಲೆಕ್ಕವೂ ಕಮಿಷನ್ನೂ ಅವನ ತಲೆಗೆ. ಆ ತಿಂಗಳು ಏಳು ರದ್ದು ಒಮ್ಮೆಲೇ ಬಿದ್ದವು. ಹೆಡ್ಡಾಫೀಸು ವಾಪಸಾತಿಗೆ ಕಳಿಸಿದ ರೊಕ್ಕದಲ್ಲಿ ಇಲ್ಲದ ಏಳು ಹೆಸರಿಗೆ ಹೊಸ ವಿಮೆ ಕಟ್ಟಿ ಮೂವತ್ತು ತುಂಬಿಸಿದ. ಮನೆಗೆ ಒಂದು ರೂಪಾಯಿಯೂ ಒಯ್ದಿರಲಿಲ್ಲ. ಅವನೂ ಕಂಪನಿಯಲ್ಲಿ ಸಾಲ ಮಾಡಿದ್ದ, ಅವನಿಗೂ ಅದೇ ವಿಮೆ ಹಿಡಿದಿದ್ದರು.

"ನೀನ್ಯಾಕ ರದ್ದು ಮಾಡಿಸಲಿಲ್ಲ?" ಎಂದು ಮರಿಬಸಪ್ಪ ಕೇಳಿದರು.

"ಅರ್ಜಿ ಕೊಟ್ಟೀನ್ರಿ. ಮ್ಯಾನೇಜರ್ ಮುಂದಿನ ವಾರ ಅಂದಾರ."

ಮ್ಯಾನೇಜರನ ರುಜು ಯಾವ ಕಾಗದದಲ್ಲೂ ಇರಲಿಲ್ಲ. ಅವನ ಹೆಸರನ್ನು ಚಾರ್ಜ್‌ಶೀಟಿಗೆ ಸೇರಿಸಲು ಆಗಲಿಲ್ಲ. ಹೆಂಗಸರ ರೊಕ್ಕ ಕೇಸು ಮುಗಿದ ಮೇಲೆ ಎಂದು ಕಂಪನಿ ಬರೆಯಿತು.

10ನೇ ತಾರೀಖು ಏಳೂ ಹೆಂಗಸರನ್ನು ಠಾಣೆಗೆ ಕರೆಸಿದರು. ಉಚ್ಚೆಂಗೆಪ್ಪ ತಜ್ಞರ ವರದಿಯನ್ನು ತಿಳಿಯುವ ಹಾಗೆ ಓದಿದ. ಜಂಬಮ್ಮ ಈರಮ್ಮನ ಕಡೆ ತಿರುಗಿದಳು.

"ನಾಳಿಂದ ಗಿರಣಿಗೆ ಬಾ ಯಕ್ಕಾ."

"ನನ್ನ ಕಳ್ಳಿ ಅನ್ನಾಕ ನಿಮಗ ಯಾವ ಕಾಗದಾನೂ ಓದೋದು ಬೇಕಾಗಿರಲಿಲ್ಲ" ಎಂದಳು ಈರಮ್ಮ. "ಅಲ್ಲ ಅನ್ನಾಕ ಬೆಂಗಳೂರಿಂದ ಬರಬೇಕಾತು."

ಅವಳು ಉಚ್ಚೆಂಗೆಪ್ಪನಿಗೆ ಮಾತ್ರ ಕೈ ಮುಗಿದು ಮೆಟ್ಟಿಲಿಳಿದಳು. ಫೆಬ್ರುವರಿ 13, ಗುರುವಾರ, ಬೆಳಗಿನ ಮೊದಲ ಬಸ್ಸಿಗೆ ದೇಶನೂರು ಬಿಟ್ಟು ಬಳ್ಳಾರಿಯ ಹತ್ತಿ ಗಿರಣಿಗೆ ಕೆಲಸಕ್ಕೆ ಹೋದಳು.