ನಂಬರಿಲ್ಲದ ಗುಂಡುಸೂಜಿ

ಟಕ್... ಟಕ್ ಟಕ್.

ಅಷ್ಟೇ. ಖಾಲಿ ಹಾಲ್‌ನಲ್ಲಿ, ರಾತ್ರಿ ಹನ್ನೊಂದು ಗಂಟೆಗೆ, ಯಾರೋ ಮೈಕಿನ ಮೇಲೆ ಉಗುರಿನಿಂದ ತಟ್ಟಿದ ಸಣ್ಣ ಸದ್ದು.

ಏಣಿಯ ಮೇಲಿದ್ದ ಅವಳ ಕೈಯಲ್ಲಿ ಗುಂಡುಸೂಜಿ ಹಾಗೇ ನಿಂತುಬಿಟ್ಟಿತು.

ಮೈಕು ಕಂಡರೆ ಎಲ್ಲರೂ 'ಹಲೋ ಹಲೋ' ಅನ್ನುತ್ತಾರೆ, ಇಲ್ಲವೇ ಉಫ್ ಎಂದು ಊದುತ್ತಾರೆ. ಮೊದಲು ಒಂದು, ಆಮೇಲೆ ಜೋಡಿಯಾಗಿ ಎರಡು, ಹೀಗೆ ತಟ್ಟುವವನು ಅವಳಿಗೆ ಗೊತ್ತಿದ್ದಂತೆ ಈ ಪ್ರಪಂಚದಲ್ಲಿ ಒಬ್ಬನೇ.

'ಇಲ್ಲ... ಅವನಾಗಿರಲಾರ!'

"ಏಣಿ ಅಲ್ಲಾಡ್ತಿದೆ. ಹುಷಾರು."

ಅದೇ ದನಿ! ಅವಳು ತಿರುಗಿ ನೋಡಿದಳು. ಹೆಗಲಿಗೆ ಸುತ್ತು ಹಾಕಿದ ಕೇಬಲ್, ಕಿವಿಯ ಹಿಂದೆ ಪೆನ್ಸಿಲ್. ಕಾಲೇಜಿನ ದಿನಗಳಲ್ಲಿ ಎಲ್ಲರೂ 'ವೈರು' ಎಂದು ಕರೆಯುತ್ತಿದ್ದ ಅವನೇ. ಕೂದಲಿನಲ್ಲಿ ಅಲ್ಲಲ್ಲಿ ಬಿಳಿ ಇಣುಕಿತ್ತು, ಅಷ್ಟೇ ವ್ಯತ್ಯಾಸ.

ಅವನಿಗೂ ಗುರುತು ಹತ್ತಿತು. ಏಣಿ ಹಿಡಿಯಲು ಮುಂದೆ ಬಂದ ಕೈ ಅಲ್ಲೇ ತಡೆಯಿತು.

"ಓ... ನೀವಾ, ಮೇಡಂ?"

ನೀವು! ಮೇಡಂ! ಅವಳ ಎದೆಯಲ್ಲಿ ಮುಳ್ಳು ಆಡಿದಂತಾಯಿತು. ಒಂದು ಕಾಲದಲ್ಲಿ ಇದೇ ಬಾಯಿ ಅವಳನ್ನು 'ಏ ಸ್ಕೇಲು' ಎಂದು ಕರೆಯುತ್ತಿತ್ತು. ಕೈಯಲ್ಲಿ ಸದಾ ಅಳತೆಪಟ್ಟಿ ಇರುತ್ತಿದ್ದ ಹುಡುಗಿ ಎಂದು.

"ನಾನೇ," ಎಂದಳು. ಕೈಯಲ್ಲಿದ್ದ ಸೂಜಿಯನ್ನು ಗೋಡೆಯ ನಕ್ಷೆಗೆ ಚುಚ್ಚಿದಳು.

* * *

ಅವಳು ಕೆಲಸ ಮಾಡುವುದು ನಕ್ಷೆ ತಯಾರಿಸುವ ಒಂದು ಚಿಕ್ಕ ಕಾರ್ಖಾನೆಯಲ್ಲಿ. ದೇಶಗಳ ನಕ್ಷೆ, ಶಾಲೆಯ ಗೋಡೆಗೆ ಹಾಕುವ ನಕ್ಷೆ... ಅಂಥ ಕಡೆ ಈ ಬಾರಿ ವಿಚಿತ್ರ ಕೆಲಸವೊಂದು ಬಂದಿತ್ತು. ಜನಪ್ರಿಯ ಗಾಯಕಿಯೊಬ್ಬರು ಹಾಡುವುದನ್ನು ನಿಲ್ಲಿಸುತ್ತಿದ್ದರು. ಹದಿನೈದು ವರ್ಷಗಳಲ್ಲಿ ಅವರು ಎಲ್ಲೆಲ್ಲಿ ಹಾಡಿದರೋ ಆ ಊರುಗಳನ್ನೆಲ್ಲ ಒಂದೇ ಗೋಡೆಯ ಮೇಲೆ ತೋರಿಸಬೇಕು. ಇಪ್ಪತ್ತು ಅಡಿ ಅಗಲದ ಪ್ರಪಂಚ. ಇನ್ನೂರ ಹನ್ನೊಂದು ಕಛೇರಿಗಳಿಗೆ ಇನ್ನೂರ ಹನ್ನೊಂದು ಗುಂಡುಸೂಜಿ, ಪ್ರತಿಯೊಂದರ ತಲೆಯ ಮೇಲೂ ಒಂದು ನಂಬರು. ಐದು ಪ್ರವಾಸಗಳಿಗೆ ಐದು ಬಣ್ಣದ ದಾರ.

"ಹಾಡಿದ್ದು ಆಕೆ, ಕಾಲುನೋವು ನಿಂಗೆ!" ಎಂದು ಯಜಮಾನರು ನಗುತ್ತಿದ್ದರು.

ಕಾಲುನೋವಲ್ಲ, ಬೇರೆ ನೋವು. ಅದು ಅವರಿಗೆ ಗೊತ್ತಿರಲಿಲ್ಲ.

ನಂಬರ್ ಒಂದರ ಸೂಜಿ ಚುಚ್ಚಿದ್ದು ಅವಳದೇ ಊರಿನಲ್ಲಿ, ಅವಳದೇ ಕಾಲೇಜಿನ ಸಭಾಂಗಣದಲ್ಲಿ. ಆ ದಿನ ಗಾಯಕಿ ಯಾರಿಗೂ ಗೊತ್ತಿರಲಿಲ್ಲ. ಕುರ್ಚಿಗಳ ಸಾಲು ನೇರವಾಗಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡುತ್ತಿದ್ದಳು ಇವಳು. ಮೈಕಿನ ಹುಡುಗ ಬಿದ್ದು ಬಿದ್ದು ನಕ್ಕಿದ್ದ.

"ಕುರ್ಚಿ ಅಳೆದರೆ ಹಾಡು ಚೆನ್ನಾಗಿ ಕೇಳ್ಸತ್ತಾ?"

"ಮೈಕನ್ನ ಮಗು ಥರ ತಟ್ಟಿದರೆ ಕೇಳ್ಸತ್ತಾ?"

ಅಲ್ಲಿಂದ ಮೂರು ವರ್ಷ. ಸಂಜೆಯ ನಡಿಗೆ, ಒಂದೇ ಲೋಟದಲ್ಲಿ ಹಂಚಿಕೊಂಡ ಚಹಾ, ಜಗಳ, ರಾಜಿ. ಆಮೇಲೆ ಗಾಯಕಿಯ ಹೆಸರು ಏರಿತು. ಎರಡನೇ ಪ್ರವಾಸಕ್ಕೆ ಪ್ರಪಂಚವೇ ಅಂಗಳವಾಯಿತು. ಅವನು ಜೊತೆಗೆ ಹೊರಟ.

ಪ್ರತಿ ಊರಿನಿಂದಲೂ ಒಂದು ಕಾರ್ಡು ಬರುತ್ತಿತ್ತು. ಅವಳು ಕೋಣೆಯ ಗೋಡೆಗೆ ಹಳೆಯ ನಕ್ಷೆಯೊಂದನ್ನು ಅಂಟಿಸಿ, ಕಾರ್ಡು ಬಂದಾಗಲೆಲ್ಲ ಆ ಊರಿಗೆ ಒಂದು ಸೂಜಿ ಚುಚ್ಚುತ್ತಿದ್ದಳು. "ಗೋಡೆ ತೂತು ಬಿದ್ದುಹೋಯ್ತು ಕಣೇ!" ಎಂದು ಅಕ್ಕ ಗೊಣಗುತ್ತಿದ್ದಳು. ಗೊಣಗುತ್ತಲೇ ಮುಂದಿನ ಕಾರ್ಡು ಬಂತೇ ಎಂದು ತಾನೇ ಬಾಗಿಲಿಗೆ ಓಡುತ್ತಿದ್ದಳು.

ಕೊನೆಯ ಕಾರ್ಡು ಸಮುದ್ರದ ನಡುವಿನ ಒಂದು ದ್ವೀಪದಿಂದ ಬಂದಿತ್ತು.

'ಹದಿನಾಲ್ಕನೇ ತಾರೀಖು ಸಂಜೆ ಆರು ಗಂಟೆ. ಸ್ಟೇಷನ್ನಿನ ದೊಡ್ಡ ಗಡಿಯಾರದ ಕೆಳಗೆ. ಒಂದು ಸಂಜೆ ಮಾತ್ರ ರಜೆ ಸಿಕ್ಕಿದೆ. ನನ್ನ ಮದುವೆಯಾಗ್ತೀಯಾ ಅಂತ ಕೇಳೋಕೆ ಬರ್ತಿದ್ದೀನಿ. ನೀನು ಬಂದಿದ್ದರೆ ಹೂಂ ಅಂತ ತಿಳ್ಕೋತೀನಿ. ಬರದೆ ಇದ್ದರೆ ಇನ್ನು ಯಾವತ್ತೂ ತೊಂದರೆ ಕೊಡಲ್ಲ.'

ಅವಳು ಹೋಗಿದ್ದಳು. ಐದೂವರೆಗೇ ಹೋಗಿದ್ದಳು! ಹತ್ತು ಗಂಟೆಯವರೆಗೆ ನಿಂತಿದ್ದಳು. ಎಂಟೂ ಇಪ್ಪತ್ತಕ್ಕೆ ಆ ಗಡಿಯಾರವೂ ಕೆಟ್ಟು ನಿಂತುಹೋಗಿತ್ತು. ತನ್ನ ಜೊತೆ ಕಾದು ಕಾದು ಅದಕ್ಕೂ ಸಾಕಾಯಿತೇನೋ ಎಂದುಕೊಂಡಿದ್ದಳು.

ಅವನು ಬರಲಿಲ್ಲ. ಮತ್ತೆ ಕಾರ್ಡೂ ಬರಲಿಲ್ಲ.

ಒಂದು ತಿಂಗಳು ಕಾದು, ಸೂಜಿಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿದಳು. "ಕೈ ಕೊಟ್ಟ ನೋಡು!" ಎಂದಿದ್ದಳು ಅಕ್ಕ. ಹನ್ನೆರಡು ವರ್ಷಗಳಿಂದ ಅವಳ ಮನೆಯಲ್ಲಿ ಅವನಿಗೆ ಅದೇ ಹೆಸರು. ಕೈ ಕೊಟ್ಟವನು.

* * *

"ಎರಡನೇ ಪ್ರವಾಸದ ಕಾಗದ ಎಲ್ಲಾ ನೀರು ಬಿದ್ದು ಹಾಳಾಗಿದೆಯಂತೆ," ಎಂದು ಮರುದಿನ ಬೆಳಗ್ಗೆ ಯಜಮಾನರು ಅವನನ್ನು ಕರೆತಂದು ಹಾಲ್‌ನ ಮೂಲೆಯಲ್ಲಿದ್ದ ಅವಳ ಮೇಜಿನ ಮುಂದೆ ನಿಲ್ಲಿಸಿದರು. "ಉಳಿದಿರೋದು ಇವರ ನೋಟ್‌ಬುಕ್ಕು, ಕಛೇರಿಗಳ ಒಂದಷ್ಟು ಹಳೇ ಟಿಕೆಟ್ಟು. ಎರಡೂ ತಾಳೆ ನೋಡಿ ದಾರ ಎಳೆದುಬಿಡಮ್ಮಾ. ನಾಳೆ ಸಂಜೆ ಉದ್ಘಾಟನೆ, ನನ್ನ ಮರ್ಯಾದೆ ಪ್ರಶ್ನೆ!"

ಅವನು ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಅವಳ ಕಡೆ ನೋಡಲಿಲ್ಲ.

"ನಾಡಿದ್ದು ಬೆಳಗ್ಗೆ ನಾನು ಹೊರಡ್ತೀನಿ. ಅಷ್ಟರೊಳಗೆ ನೋಟ್‌ಬುಕ್ಕು ವಾಪಸ್ ಬೇಕು."

"ಎಲ್ಲಿಗೆ?" ಬೇಡವೆಂದರೂ ಬಾಯಿಗೆ ಬಂದುಬಿಟ್ಟಿತು.

"ಹಡಗಲ್ಲಿ ಕೆಲಸ. ಪ್ರಯಾಣಿಕರಿಗೆ ಹಾಡು ಹಾಕೋದು. ನನಗೇನು, ಕಾಯೋರು ಯಾರಿದ್ದಾರೆ?"

ಅವಳಿಗೆ ಸಿಟ್ಟು ಉಕ್ಕಿತು. 'ಕಾದವಳನ್ನ ಬಿಟ್ಟು ಹೋಗಿದ್ದು ಯಾರು?' ಆದರೆ ಕೇಳಲಿಲ್ಲ. ಮಾತನ್ನು ಹತ್ತು ಸಲ ಅಳೆದು ನೋಡುವ ಹುಡುಗಿ ಅವಳು. ಅಷ್ಟು ಅಳೆಯುವ ಹೊತ್ತಿಗೆ ಎದುರಿಗಿದ್ದವರು ಹೊರಟುಹೋಗಿರುತ್ತಾರೆ. ಅವನೂ ಹೊರಟುಹೋದ.

ನೋಟ್‌ಬುಕ್ಕಿನಲ್ಲಿ ಅದೇ ವಾಲಿದ ಅಕ್ಷರ. ದಿನಕ್ಕೆ ಒಂದೆರಡು ಸಾಲು. ಯಾವ ಸ್ಪೀಕರ್ ಕೆಟ್ಟಿತು, ಯಾವ ಹಾಲ್‌ನಲ್ಲಿ ಸದ್ದು ಗುಂಯ್‌ಗುಟ್ಟಿತು. ನಡುನಡುವೆ 'ಸ್ಕೇಲಿಗೆ ಕಾರ್ಡು ಹಾಕಿದೆ.' ಅದನ್ನು ಓದುವಾಗ ಅವಳ ಕಣ್ಣು ಮಂಜಾಯಿತು. ಒರೆಸಿಕೊಂಡು ಕೆಲಸ ಮುಂದುವರಿಸಿದಳು.

ಎಡಗಡೆ ನೋಟ್‌ಬುಕ್ಕು, ಬಲಗಡೆ ಟಿಕೆಟ್ಟು. ಐದನೇ ತಾರೀಖು, ದ್ವೀಪದ ಮೊದಲ ಕಛೇರಿ, ಸರಿ. ಎಂಟು, ಸರಿ. ಹನ್ನೊಂದು, ದ್ವೀಪದ ಕೊನೆಯ ಕಛೇರಿ, ಸರಿ. ಮುಂದಿನದು...

ಟಿಕೆಟ್ಟಿನಲ್ಲಿ ಹದಿನಾರು. ನೋಟ್‌ಬುಕ್ಕಿನಲ್ಲಿ ಹದಿನೈದು.

'ಬರೆಯುವಾಗ ತಪ್ಪಿರಬೇಕು,' ಎಂದುಕೊಂಡಳು. ಅದರ ಮುಂದಿನದು ನೋಡಿದಳು. ಟಿಕೆಟ್ಟು ಹತ್ತೊಂಬತ್ತು, ನೋಟ್‌ಬುಕ್ಕು ಹದಿನೆಂಟು. ಇನ್ನೂ ಒಂದು. ಮತ್ತೂ ಒಂದು. ತಿಂಗಳ ಕೊನೆಯವರೆಗೂ ಪ್ರತಿಯೊಂದೂ ಒಂದು ದಿನ ಹಿಂದೆ! ಹೊಸ ತಿಂಗಳಿಂದ ಮತ್ತೆ ಎಲ್ಲ ಸರಿ.

ಅವಳು ಎದ್ದು ಗೋಡೆಯ ನಕ್ಷೆಯ ಹತ್ತಿರ ಹೋದಳು. ದ್ವೀಪದ ಮೇಲೆ ಬೆರಳಿಟ್ಟು ಪಶ್ಚಿಮದ ಕಡೆಗೆ ನಿಧಾನವಾಗಿ ಎಳೆದಳು. ಸಮುದ್ರದ ನಡುವೆ, ಮೇಲಿಂದ ಕೆಳಗೆ, ಅವಳೇ ಶಾಯಿಯಲ್ಲಿ ಬರೆದಿದ್ದ ಚುಕ್ಕಿಗೆರೆಯನ್ನು ಬೆರಳು ದಾಟಿತು.

ದಿನಾಂಕದ ಗೆರೆ.

ಪೂರ್ವದಿಂದ ಪಶ್ಚಿಮಕ್ಕೆ ಅದನ್ನು ದಾಟಿದರೆ ಕ್ಯಾಲೆಂಡರಿನ ಒಂದು ದಿನ ಹಾರಿಹೋಗುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಸ್ಪೀಕರುಗಳ ನಡುವೆ ನಿದ್ದೆಗೆಟ್ಟ ಹುಡುಗನೊಬ್ಬ, ಕೈಗಡಿಯಾರದಲ್ಲಿ ಗಂಟೆ ಸರಿಮಾಡಿಕೊಂಡು, ಅದರ ಕಿಂಡಿಯ ತಾರೀಖು ತಿರುಗಿಸಲು ಮರೆತಿದ್ದರೆ?

ಅವಳು ಮೇಜಿಗೆ ಮರಳಿ ನೋಟ್‌ಬುಕ್ಕಿನ ಪುಟ ಹಿಂದಕ್ಕೆ ತಿರುಗಿಸಿದಳು.

'೧೪. ಸ್ಟೇಷನ್. ಗಡಿಯಾರ ನಿಂತಿತ್ತು, ಏಣಿ ಹಾಕಿ ರಿಪೇರಿ ಮಾಡ್ತಿದ್ದರು. ಆರರಿಂದ ಒಂಬತ್ತೂವರೆವರೆಗೆ ನಿಂತೆ. ಅವಳು ಬರಲಿಲ್ಲ.'

ಏಣಿ... ರಿಪೇರಿ...

ಗಡಿಯಾರ ಕೆಟ್ಟಿದ್ದು ಅವಳ ಕಣ್ಣೆದುರಿಗೇ, ಹದಿನಾಲ್ಕರ ರಾತ್ರಿ. ರಿಪೇರಿಗೆ ಬಂದಿದ್ದು ಮರುದಿನ!

ಅವನು ಬಂದಿದ್ದ. ಅವಳು ನಿಂತಿದ್ದ ಜಾಗದಲ್ಲೇ ನಿಂತಿದ್ದ. ಒಂದು ದಿನ ತಡವಾಗಿ!



* * *

"ಊಟ ಯಾಕೆ ಬಿಟ್ಟೆ? ಮುಖ ಯಾಕೆ ಹಾಗಿದೆ?" ಅಂದು ರಾತ್ರಿ ಅಕ್ಕ ಬಿಡಲಿಲ್ಲ.

"ಕೆಲಸ ಜಾಸ್ತಿ, ಅಕ್ಕಾ."

"ಕೈ ಕೊಟ್ಟವನು ಊರಿಗೆ ಬಂದಿದ್ದಾನಂತೆ. ಎದುರಿಗೆ ಸಿಕ್ಕರೆ ಹೇಳು, ನನಗೂ ನಾಲ್ಕು ಮಾತು ಬಾಕಿ ಇದೆ!"

ಅವಳು ಕೋಣೆಗೆ ಹೋಗಿ ಬೀರುವಿನ ಹಿಂದಿನಿಂದ ಹಳೆಯ ನಕ್ಷೆಯನ್ನು ತೆಗೆದಳು. ದೀಪಕ್ಕೆ ಅಡ್ಡ ಹಿಡಿದಳು. ಸೂಜಿ ಕಿತ್ತ ತೂತುಗಳಿಂದ ಬೆಳಕು ಬಂತು. ಅವನಿದ್ದ ಊರುಗಳೆಲ್ಲ ಒಂದೊಂದಾಗಿ ಹೊಳೆದವು.

'ಹೇಳಿ ಏನು ಪ್ರಯೋಜನ? ಹನ್ನೆರಡು ವರ್ಷ ವಾಪಸ್ ಬರುತ್ತಾ? ಅವನು ನಂಬದೆ ಹೋದರೆ? ನಕ್ಕುಬಿಟ್ಟರೆ?'

ಹೇಳದಿದ್ದರೆ ಹಡಗು ಹೊರಡುತ್ತದೆ. ಅವನು ಬದುಕಿರುವಷ್ಟು ದಿನವೂ 'ಅವಳು ಬರಲಿಲ್ಲ' ಎಂದುಕೊಂಡೇ ಇರುತ್ತಾನೆ.

ಅದನ್ನು ಮಾತ್ರ ಅವಳಿಂದ ತಡೆಯಲಾಗಲಿಲ್ಲ.

* * *

ಬೆಳಗ್ಗೆ ಏಳಕ್ಕೇ ಅವಳು ಹಾಲ್‌ಗೆ ಹೋದಾಗ ಅವನು ನೆಲದ ಮೇಲೆ ಕೂತು ಕೇಬಲ್ ಸುತ್ತುತ್ತಿದ್ದ.

"ನೋಟ್‌ಬುಕ್ಕು ತಂದ್ರಾ, ಮೇಡಂ?"

"ಬಂದಿದ್ದೆ," ಎಂದಳು ಅವಳು.

"ಏನು?"

"ನಾನು ಬಂದಿದ್ದೆ. ಹದಿನಾಲ್ಕನೇ ತಾರೀಖು. ಐದೂವರೆಯಿಂದ ಹತ್ತರವರೆಗೆ."

ಅವನ ಮುಖ ಬಿಗಿಯಿತು. "ಈಗ ಯಾಕೆ ಸುಳ್ಳು? ನಾನೇ ಅಲ್ಲಿ ನಿಂತಿದ್ದೆ. ನನ್ನ ಕಣ್ಣು ಸುಳ್ಳಾ?"

"ಕಣ್ಣಲ್ಲ. ನಿನ್ನ ಕೈಗಡಿಯಾರ." ಅವಳು ಅವನ ತೋಳು ಹಿಡಿದು ಎಳೆದುಕೊಂಡೇ ನಕ್ಷೆಯ ಮುಂದೆ ತಂದಳು. ಇಷ್ಟು ಧೈರ್ಯ ಎಲ್ಲಿಂದ ಬಂತೋ! "ಇದು ದ್ವೀಪ. ಇಲ್ಲಿಂದ ಹೊರಟೆ. ಈ ಗೆರೆ ದಾಟಿದೆ. ಗಂಟೆ ತಿರುಗಿಸಿದೆ, ತಾರೀಖು ತಿರುಗಿಸಿದ್ಯಾ?"

ಅವನು ಬಗ್ಗಿ ಆ ಗೆರೆಯನ್ನು ನೋಡಿದ.

"ಟಿಕೆಟ್ಟು ನೋಡು. ಹದಿನಾರು. ನೀನು ಬರೆದಿರೋದು ಹದಿನೈದು. ತಿಂಗಳು ಪೂರ್ತಿ ಹೀಗೇ. ಒಂದನೇ ತಾರೀಖು ಬಂದಾಗ ಎಲ್ಲರೂ ಗಡಿಯಾರ ತಿರುಗಿಸೋದು ನೋಡಿ ನೀನೂ ಒಂದಕ್ಕೆ ತಂದಿಟ್ಟಿದ್ದೀಯ. ತಪ್ಪು ಅಲ್ಲೇ ಮುಚ್ಚಿಹೋಯ್ತು. ಆ ಗಡಿಯಾರ ಕೆಟ್ಟಿದ್ದನ್ನ ನಾನು ನೋಡಿದೆ. ರಿಪೇರಿಯಾಗಿದ್ದನ್ನ ನೀನು ನೋಡಿದೆ!"

ಅವನು ಟಿಕೆಟ್ಟನ್ನೂ ನೋಟ್‌ಬುಕ್ಕನ್ನೂ ಮತ್ತೆ ಮತ್ತೆ ನೋಡಿದ. ಕೈಯಲ್ಲಿದ್ದ ಕೇಬಲ್ ಜಾರಿ ಬಿತ್ತು.

"ನಮಗೆ ತಾರೀಖು ಯಾವಾಗ ಬೇಕಿತ್ತು... ಇವತ್ತು ಕಛೇರಿ, ನಾಳೆ ಪ್ರಯಾಣ, ಅಷ್ಟೇ..." ದನಿ ಒಡೆಯಿತು. "ನೀನು ಒಲ್ಲೆ ಅಂದೆ ಅಂದ್ಕೊಂಡೆ. ತೊಂದರೆ ಕೊಡಲ್ಲ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ಬರೀಲಿಲ್ಲ."

"ನೀನು ಮನಸ್ಸು ಬದಲಾಯಿಸಿದೆ ಅಂದ್ಕೊಂಡೆ. ಅದಕ್ಕೇ ನಾನೂ ಬರೀಲಿಲ್ಲ."

"ಹನ್ನೆರಡು ವರ್ಷ, ಸ್ಕೇಲು! ಬರೀ ಒಂದು ದಿನಕ್ಕೆ!"

ಸ್ಕೇಲು. ಆ ಹೆಸರು ಕಿವಿಗೆ ಬಿದ್ದದ್ದೇ ಅವಳ ಕಣ್ಣಿನ ಕಟ್ಟೆ ಒಡೆಯಿತು. ಅವನು ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದ. ತೋಳಿನ ತುಂಬ ಧೂಳು. ಅವಳು ಸೀನಿದಳು. ಇಬ್ಬರೂ ನಕ್ಕರು, ಅಳುತ್ತಲೇ ನಕ್ಕರು.

"ನಿಮ್ಮಕ್ಕನಿಗೆ ಮಾತ್ರ ಹೇಳಬೇಡ ಮಾರಾಯ್ತಿ," ಎಂದ ಅವನು. "ಪ್ರಪಂಚ ಸುತ್ತಿದವನಿಗೆ ತಾರೀಖು ಗೊತ್ತಿಲ್ಲ ಅಂತ ಸಾಯೋವರೆಗೂ ಆಡ್ಕೋತಾಳೆ."

"ಹಡಗು?"

"ಹೋಗಲಿ ಬಿಡು. ಸಮುದ್ರದಲ್ಲಿ ಆ ಗೆರೆ ಇನ್ನೂ ಇದೆ ಅಲ್ವಾ? ನನಗೆ ಅದರ ಸಹವಾಸ ಬೇಡ."

* * *

ಸಂಜೆ ಹಾಲ್ ಕಿಕ್ಕಿರಿದಿತ್ತು. ಬೆಳ್ಳಿಕೂದಲಿನ ಗಾಯಕಿ ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ದಾರಗಳ ಮೇಲೆ ಬೆರಳಾಡಿಸಿದರು. "ಇಷ್ಟೊಂದು ದೂರ ಹೋಗಿದ್ನಾ ನಾನು..." ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ನಂಬರ್ ಒಂದರ ಹತ್ತಿರ ಬಗ್ಗಿ ನೋಡಿದರು.

"ಇದೇನಮ್ಮಾ, ಇಲ್ಲಿ ಎರಡು ಸೂಜಿ? ಈ ಊರಲ್ಲಿ ನಾನು ಹಾಡಿದ್ದು ಒಂದೇ ಸಲ. ಇದಕ್ಕೆ ನಂಬರೂ ಇಲ್ಲ?"

ಯಜಮಾನರ ಮುಖ ಬಿಳಿಚಿತು. ಈ ಹುಡುಗಿ ಕೂದಲೆಳೆಯಷ್ಟೂ ತಪ್ಪುವವಳಲ್ಲವಲ್ಲ!

ಅವಳು ಮೈಕಿನ ಪಕ್ಕ ನಿಂತಿದ್ದ ಅವನ ಕಡೆ ನೋಡಿದಳು. ಅವನು ಉಸಿರು ಬಿಗಿಹಿಡಿದಿದ್ದ.

"ಮೊದಲನೇದು ಸ್ವಲ್ಪ ಸಡಿಲ ಆಗಿತ್ತು, ಮೇಡಂ," ಎಂದಳು ಮೆಲ್ಲಗೆ. "ಭದ್ರವಾಗಿರಲಿ ಅಂತ ಪಕ್ಕಕ್ಕೆ ಇನ್ನೊಂದು ಹಾಕಿದೆ."

ಗಾಯಕಿ ಅವಳನ್ನು ನೋಡಿದರು, ಅವನನ್ನೂ ನೋಡಿದರು. ಏನೋ ಹೊಳೆದಂತೆ ನಕ್ಕು ಮುಂದೆ ಹೋದರು.

ಜನ ಕರಗಿದ ಮೇಲೆ ಅವನು ಹತ್ತಿರ ಬಂದ.

"ನಾಳೆ ಸಂಜೆ ಆರು ಗಂಟೆಗೆ, ಗಡಿಯಾರದ ಕೆಳಗೆ ಬರ್ತೀಯಾ? ಕೇಳೋ ಮಾತು ಒಂದು ಬಾಕಿ ಇದೆ."

ಅವಳು ಅವನ ಮಣಿಕಟ್ಟು ಹಿಡಿದು, ಗಡಿಯಾರದ ಪುಟ್ಟ ಕಿಂಡಿಯಲ್ಲಿದ್ದ ತಾರೀಖು ಓದಿದಳು. ಸರಿಯಾಗಿತ್ತು. ಆದರೂ ಕೈ ಬಿಡಲಿಲ್ಲ.

"ಇನ್ನು ಮೇಲೆ ತಾರೀಖು ನಾನು ನೋಡ್ಕೋತೀನಿ. ನೀನು ಗಂಟೆ ನೋಡ್ಕೋ, ಸಾಕು."

ಟಕ್... ಟಕ್ ಟಕ್. ಅವನ ಬೆರಳು ಅವಳ ಅಂಗೈಯನ್ನು ತಟ್ಟಿತು.

ಬಾಗಿಲಲ್ಲಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನೇ ಇದು? ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದನಂತೆ? ಏನಂತೆ ಕಾರಣ?"

ಅವಳು ಒಂದು ಕ್ಷಣ ಯೋಚಿಸಿದಳು. ಆ ದಿನ ಕಳೆದುಹೋಗಿದ್ದು ಅವರಿಬ್ಬರದು. ಸಿಕ್ಕಿದ್ದೂ ಅವರಿಬ್ಬರಿಗೇ. ಇದನ್ನು ಯಾರಿಗೂ ಹೇಳುವುದಿಲ್ಲ, ಅಕ್ಕನಿಗೂ, ಯಾವತ್ತೂ.

"ಏನಿಲ್ಲ ಅಕ್ಕಾ," ಎಂದಳು. "ದಾರಿ ಸ್ವಲ್ಪ ದೂರ ಇತ್ತು."