ಹೊಸ ಮರಳು

“ಸೆಪ್ಟೆಂಬರಲ್ಲಿ ಬಾ ಅಕ್ಕ, ನಮ್ಮ ಹೊಳೆ ನೀರನ್ನೇ ಕುಡಿಸ್ತೀನಿ” ಎಂದು ಎರಡು ವರ್ಷದ ಹಿಂದೆ ಮುಂಬುವಾ ಮಾತು ಕೊಟ್ಟಿದ್ದಳು. ಆಗ ಅವಳಿಗೆ ಎಂಟು ವರ್ಷ.

ಆಗ ಮಳೆನೀರು ಹಿಡಿಯಲೆಂದು ಹೊಳೆಗೆ ಅಡ್ಡವಾಗಿ ಗೋಡೆ ಏಳುತ್ತಿತ್ತು. ಮ್ವೇಥ್ಯಾದ, ಅಂದರೆ ಊರೊಟ್ಟು ದುಡಿಮೆಯ, ದಿನ ಮನೆಗೊಬ್ಬರು ಬಂದು, ಕೂಲಿಯಿಲ್ಲದೆ, ಹಾಡು ಹೇಳುತ್ತ ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಅಮ್ಮನ ಹಿಂದೆ ಬಾಲದ ಹಾಗೆ ಮುಂಬುವಾ. ಅವಳ ಪಕ್ಕದಲ್ಲಿ ಚೆಲಗಾತ್ ಅಕ್ಕ, ದೂರದ ಕೆರಿಚೊದಿಂದ ಬಂದ ವಾಲಂಟಿಯರ್. ಅವಳ ಊರಲ್ಲಿ ದಿನಾ ಮಳೆಯಂತೆ. ಇಲ್ಲಿ ಹೊಳೆಯೆಂದರೆ ವರ್ಷದಲ್ಲಿ ಒಂಬತ್ತು ತಿಂಗಳು ಬರೀ ಮರಳು, ಸೆಪ್ಟೆಂಬರಲ್ಲಂತೂ ಪೂರ್ತಿ ಒಣ. ಹುಡುಗಿಯ ಮಾತಿಗೆ ಅಕ್ಕ ನಗಲಿಲ್ಲ. “ಸರಿ, ಬರ್ತೀನಿ” ಅಂದಿದ್ದಳು.

ಇವತ್ತು ಸಂಜೆ ಬಸ್ಸಿಗೆ ಅವಳು ಬರುತ್ತಾಳೆ. ಮುಂಬುವಾ ಬೆಳಗಿನಿಂದ ಮರಳು ತೋಡುತ್ತಿದ್ದಾಳೆ.

ಹೊಳೆಯಲ್ಲಿ ಮನೆಗೊಂದು ಒರತೆ ಗುಳಿ, ಸುತ್ತ ಮುಳ್ಳುಬೇಲಿ. ಅಜ್ಜಿ ತೋಡಿದಲ್ಲೇ ಅಮ್ಮ, ಅಮ್ಮ ತೋಡಿದಲ್ಲೇ ಮಗಳು. ಬೇರೆಯವರ ಜಾಗದಲ್ಲಿ ತೋಡಿದರೆ ಕದ್ದ ಹಾಗೆ. ಮುಂಬುವಾಳ ಮನೆಯ ಗುಳಿ ಗೋಡೆಯಾಚೆ, ಹೊಳೆ ಇಳಿದು ಹೋಗುವ ಕಡೆ ಇತ್ತು. ಅವಳು ಭುಜದವರೆಗೆ ಒಳಗಿಳಿದರೂ ಸೋರೆಬುರುಡೆಗೆ ಸಿಕ್ಕಿದ್ದು ಒಣ ಮರಳೇ.

ಕತ್ತೆಯ ಮೇಲೆ ಖಾಲಿ ಕ್ಯಾನು ಹೇರಿಕೊಂಡು ನೀರಿಗೆಂದು ಬೆಟ್ಟದ ಕಡೆ ಹೊರಟಿದ್ದ ಮುಟೂಕು ನಿಂತು ಇಣುಕಿದ. ಅವನು ಅವಳ ಕ್ಲಾಸಿನವನೇ.

“ಏನೇ, ಕಡಲೆಕಾಯಿ ಕೀಳ್ತಿದ್ದೀಯಾ?”

“ನೀರು.”

“ಸೆಪ್ಟೆಂಬರಲ್ಲಾ? ಅಂಗಡಿಯಿಂದ ಸೋಡಾ ತಂದು ಕೊಡು. ನಿಮ್ಮಕ್ಕ ಅದನ್ನೇ ಕುಡೀಲಿ.”

“ಹೋಗೋ, ನಿನ್ನ ಕತ್ತೆ ಕಾಯ್ತಿದೆ.”

ಅವನು ಹೋದ ಮೇಲೆ ಮುಂಬುವಾಗೆ ಅಳು ಬಂತು. ಕಣ್ಣೊರೆಸಿಕೊಂಡು ಗೋಡೆ ದಾಟಿ ಹೊಳೆಯ ಮೇಲ್ಗಡೆಗೆ ಹತ್ತಿದಳು. ಅಲ್ಲಿ ಅತ್ತಿ ಮರದ ನೆರಳಲ್ಲಿ ಮುಸೇಂಬಿ ತಾತ ಕೂತಿದ್ದ. ಅಲ್ಲಿನ ಜಾಗ ಅವನ ಮನೆಯದು. ಕೇಳಲು ಅವಳಿಗೆ ನಾಚಿಕೆಯಾಯಿತು.

“ತಾತ, ನಿಮ್ಮ ಜಾಗದಲ್ಲಿ ತೋಡಲಾ? ಒಂದೇ ಲೋಟ ಸಾಕು.”

“ನನ್ನ ಜಾಗವಾ? ಎಲ್ಲಿದೆ, ತೋರಿಸು ನೋಡೋಣ.”

ಮುಂಬುವಾ ನೋಡಿದಳು. ಎರಡು ಮಳೆಗೆ ಬಂದ ಮರಳು ಗೋಡೆಯ ನೆತ್ತಿಯವರೆಗೆ ತುಂಬಿತ್ತು. ತಾತನ ಬೇಲಿಯ ಒಂದು ಮುಳ್ಳೂ ಕಾಣಲಿಲ್ಲ.

“ನನ್ನ ಗುಳಿ ಎರಡಾಳು ಕೆಳಗೆ ಹೂತುಹೋಯ್ತು. ಇದು ಗೋಡೆ ಹಿಡಿದ ಹೊಸ ಮರಳು. ಗೋಡೆ ಯಾರದು?”

“ಎಲ್ಲರದು.”

“ನಿನ್ನ ಕಲ್ಲೂ ಇದೆ ತಾನೇ?”

“ಇದೆ. ಚಿಕ್ಕವು.”

“ಅಷ್ಟು ಹೊರೋದಕ್ಕೇ ಎಷ್ಟು ಅತ್ತಿದ್ದೆ ಅಂತ ನಂಗೆ ನೆನಪಿದೆ. ಮತ್ತೆ ನನ್ನನ್ನೇನು ಕೇಳ್ತೀಯ?”

“ಹಾಗಾದ್ರೆ ಯಾರೂ ಯಾಕೆ ತೋಡಿಲ್ಲ?”

“ನನ್ನದು ಅಂದ್ಕೊಂಡಿದ್ದಾರೇನೋ.”

“ನೀವು?”

ತಾತ ತಲೆ ಕೆರೆದುಕೊಂಡ. “ಎಲ್ಲರದಲ್ವಾ? ನಾನೊಬ್ಬನೇ ಹೇಗೆ ತೋಡಲಿ?”

ಮುಂಬುವಾ ಮಂಡಿಯೂರಿ ತೋಡತೊಡಗಿದಳು. ಮೊಣಕೈ ಮುಳುಗುವಷ್ಟರಲ್ಲಿ ಮರಳು ಕಪ್ಪಾಯಿತು, ತಣ್ಣಗಾಯಿತು. ಆಮೇಲೆ ಸದ್ದೇ ಇಲ್ಲದೆ ಸುತ್ತಲಿಂದಲೂ ನೀರು ಬಂತು. ಅವಳು ಬುರುಡೆಯಿಂದ ಮೊಗೆದು ಚೆಲ್ಲಿದಳು. ಗುಳಿ ತುಂಬಿತು. ಮತ್ತೆ ಚೆಲ್ಲಿದಳು. ಮತ್ತೆ ತುಂಬಿತು. ಕೆಸರು ತಿಳಿಯಾಗಿ ಅದರಲ್ಲಿ ಒಂದು ತುಂಡು ಆಕಾಶ ಬಂದು ಕೂತಿತು.

“ತಾತ,” ಅಂದಳು. ತಾತ ಎದ್ದು ಬಂದು, ಟೋಪಿ ತೆಗೆದು, ಗುಳಿಯೊಳಗೆ ಬಗ್ಗಿ ನೋಡಿದ.

ಅವಳು ತಲೆಯೆತ್ತಿ ನೋಡಿದಳು. ತಿರುವಿನವರೆಗೂ ಬಿಸಿಲಿಗೆ ಬಿಳಿಚಿದ ಮರಳು. ದಿನಾ ಅದರ ಮೇಲೇ ಓಡಿ ಶಾಲೆಗೆ ಹೋಗುತ್ತಿದ್ದಳು. ಅದರ ಅಡಿಯಲ್ಲಿ ಇಡೀ ಹೊಳೆ ಮಲಗಿತ್ತು. ಮುಂಬುವಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಮಲಗಿದವರ ಪಕ್ಕ ನಡೆಯುವ ಹಾಗೆ ಮೆಲ್ಲಗೆ ದಡ ಹತ್ತಿದಳು.

ಸಂಜೆ ಚೆಲಗಾತ್ ಅಕ್ಕ ಬಸ್ಸಿಳಿದಳು. ಮುಂಬುವಾ ಅವಳಿಗೆ ಹೊಳೆಯ ನೀರು ಕುಡಿಸಿದಳು.